ಕಾಲು ತೊಳೆಸಿದರೆ ಗುಣ ಬರುತ್ತದೆಯಾ?

2025ರ ಜೂನ್, ಜುಲೈ ತಿಂಗಳಲ್ಲಿ ಕೇರಳದ ಶಾಲೆಗಳ ಸುತ್ತ ಎರಡು ಜಗಳ ಬೆನ್ನುಬೆನ್ನಿಗೆ ನಡೆದವು. ಮೊದಲನೆಯದು ಜುಂಬಾ ಕುಣಿತದ್ದು. ಮಕ್ಕಳು ಮಾದಕ ವಸ್ತುಗಳ ಕಡೆ ಹೋಗದಿರಲಿ, ಮನಸ್ಸು ಹಗುರಾಗಲಿ ಎಂದು ಶಿಕ್ಷಣ ಇಲಾಖೆ ಶಾಲೆಗಳಲ್ಲಿ ಜುಂಬಾ ಶುರು ಮಾಡಿಸಿತು. ಇದು ನಮ್ಮ ನೀತಿಗೆ ಒಗ್ಗುವುದಿಲ್ಲ ಎಂದು ಕೆಲವು ಧಾರ್ಮಿಕ ಸಂಘಟನೆಗಳು ಎದ್ದು ನಿಂತವು. ಆ ಗಲಾಟೆ ಆರುವ ಮೊದಲೇ ಎರಡನೆಯದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹತ್ತಿಕೊಂಡಿತು. ಬಂದಡ್ಕದ ಒಂದು ಖಾಸಗಿ ಶಾಲೆಯಲ್ಲಿ ಗುರುಪೂರ್ಣಿಮೆಯ ಹೆಸರಿನಲ್ಲಿ ಮಕ್ಕಳಿಂದ ಅಧ್ಯಾಪಕರ ಪಾದಪೂಜೆ ಮಾಡಿಸಿದ್ದು ಸುದ್ದಿಯಾಯಿತು. ಶಿಕ್ಷಣ ಸಚಿವರು ವಿವರಣೆ ಕೇಳಿದರು. ಮಕ್ಕಳ ಹಕ್ಕು ಆಯೋಗ ಕೇಸು ದಾಖಲಿಸಿತು. ಇದು ನಮ್ಮ ಸಂಸ್ಕೃತಿ, ಇದರಲ್ಲಿ ತಪ್ಪೇನು ಎಂದು ರಾಜ್ಯಪಾಲರು ಕೇಳಿದರು.

ಆಮೇಲೆ ನಡೆದದ್ದು ಗೊತ್ತೇ ಇದೆ. ಒಂದು ಕಡೆಯವರು ಸಂಸ್ಕಾರ ಎಂದರು, ಇನ್ನೊಂದು ಕಡೆಯವರು ಗುಲಾಮಗಿರಿ ಎಂದರು. ಜುಂಬಾಕ್ಕೆ ಚಪ್ಪಾಳೆ ತಟ್ಟಿದ ಹಲವರು ಪಾದಪೂಜೆಗೆ ಸಿಟ್ಟಾದರು. ಪಾದಪೂಜೆಗೆ ಕೈ ಮುಗಿದ ಕೆಲವರಿಗೆ ಜುಂಬಾ ಅಸಹ್ಯವಾಯಿತು. ತಮಾಷೆಯೆಂದರೆ ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಮಕ್ಕಳ ಕೈಯಲ್ಲಿ ಏನೋ ಒಂದು ಮಾಡಿಸಿದರೆ ಒಳಗೆ ಒಳ್ಳೆಯ ಗುಣ ಹುಟ್ಟುತ್ತದೆ ಎಂದು ಎರಡೂ ಕಾರ್ಯಕ್ರಮದವರು ನಂಬಿದ್ದರು. ನಿಜವಾಗಿ ಹುಟ್ಟುತ್ತದೆಯಾ ಎಂದು ಯಾರೂ ಕೇಳಿದಂತೆ ಕಾಣಲಿಲ್ಲ.

ಈ ಪ್ರಶ್ನೆಗೆ 2400 ವರ್ಷ ವಯಸ್ಸಾಗಿದೆ. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಮೆನೋ ಎಂಬ ಸಿರಿವಂತ ಯುವಕ ಪೀಠಿಕೆಯೇ ಇಲ್ಲದೆ ಸಾಕ್ರಟೀಸನನ್ನು ಕೇಳುತ್ತಾನೆ: ಸದ್ಗುಣವನ್ನು ಕಲಿಸಬಹುದಾ, ಅದು ಅಭ್ಯಾಸದಿಂದ ಬರುತ್ತದಾ, ಅಥವಾ ಹುಟ್ಟಿನಿಂದಲೇ ಇರುತ್ತದಾ? ಸಾಕ್ರಟೀಸ್ ನೇರ ಉತ್ತರ ಕೊಡುವುದಿಲ್ಲ, ಅದು ಅವನ ಜಾಯಮಾನವೇ ಅಲ್ಲ. ಬದಲಿಗೆ ಥೆಮಿಸ್ಟೊಕ್ಲೀಸ್ ಎಂಬ ದೊಡ್ಡ ನಾಯಕನ ಮಗನ ಕಥೆ ಹೇಳುತ್ತಾನೆ. ಆ ಹುಡುಗನಿಗೆ ಕುದುರೆಯ ಬೆನ್ನ ಮೇಲೆ ನೆಟ್ಟಗೆ ನಿಂತು ಈಟಿ ಎಸೆಯುವುದನ್ನು ಅಪ್ಪ ಕಲಿಸಿದ್ದ. ತನ್ನಂತೆ ಒಳ್ಳೆಯವನಾಗುವುದನ್ನು ಕಲಿಸಲು ಮಾತ್ರ ಆಗಲಿಲ್ಲ. ಕಲಿಸಲು ಸಾಧ್ಯವಿದ್ದಿದ್ದರೆ ಅಂಥ ಅಪ್ಪ ಬಿಡುತ್ತಿದ್ದನಾ?

ಅಂದಿನ ಗ್ರೀಕರಿಗೆ ಸದ್ಗುಣ ಎಂದರೆ ನಾವು ಅಂದುಕೊಳ್ಳುವಷ್ಟು ಸಾಧುವಾದ ವಿಚಾರವೂ ಆಗಿರಲಿಲ್ಲ. ಹೋಮರನ ಕಾಲದಲ್ಲಿ ಅದು ಯುದ್ಧವೀರನ ಹೆಚ್ಚುಗಾರಿಕೆ. ವೇಗವಾಗಿ ಓಡುವ ಕುದುರೆಗೂ ಅದೇ ಮಾತನ್ನು ಬಳಸುತ್ತಿದ್ದರು. ತನ್ನ ಕೆಲಸವನ್ನು ತುಂಬ ಚೆನ್ನಾಗಿ ಮಾಡುವ ಶಕ್ತಿ ಎಂದಷ್ಟೇ ಅರ್ಥ. ರೋಮನ್ನರಲ್ಲೂ ಅದು ಮೊದಲಿಗೆ ಗಂಡಸುತನದ, ಅಂದರೆ ರಣರಂಗದ ಧೈರ್ಯದ ಹೆಸರು. ನಮ್ರತೆ, ವಿಧೇಯತೆ, ತಾಳ್ಮೆ ಇವೆಲ್ಲ ಆ ಹಳೆಯ ಪಟ್ಟಿಯಲ್ಲಿ ಇಲ್ಲ. ಪ್ಲೇಟೋ ವಿವೇಕ, ಧೈರ್ಯ, ಸಂಯಮ, ನ್ಯಾಯ ಎಂದು ನಾಲ್ಕನ್ನು ಆರಿಸಿದ. ಅಲ್ಲಿಂದ ಈ ವಿಚಾರ ಯುದ್ಧದಿಂದ ಊರಿನ ಬದುಕಿನ ಕಡೆ ತಿರುಗಿತು.

ಅಭ್ಯಾಸದ ಮಾತನ್ನು ಗಟ್ಟಿಯಾಗಿ ಹಿಡಿದವನು ಪ್ಲೇಟೋನ ಶಿಷ್ಯ ಅರಿಸ್ಟಾಟಲ್, ಕ್ರಿಸ್ತಪೂರ್ವ 384ರಿಂದ 322ರವರೆಗೆ ಬದುಕಿದ್ದವನು. ಮನೆ ಕಟ್ಟುತ್ತಾ ಕಟ್ಟುತ್ತಾ ಮನೆ ಕಟ್ಟುವವರಾಗುತ್ತೇವೆ, ವಾದ್ಯ ನುಡಿಸುತ್ತಾ ವಾದ್ಯಗಾರರಾಗುತ್ತೇವೆ, ಹಾಗೆಯೇ ನ್ಯಾಯದ ಕೆಲಸ ಮಾಡುತ್ತಾ ನ್ಯಾಯವಂತರಾಗುತ್ತೇವೆ ಎಂದು ಅವನು ಬರೆದ. ಎಷ್ಟು ಧೈರ್ಯ ಬೇಕು, ಎಷ್ಟು ಉದಾರತೆ ಬೇಕು ಎನ್ನುವುದಕ್ಕೂ ಅವನದೊಂದು ಅಳತೆ ಇದೆ. ಪುಕ್ಕಲುತನಕ್ಕೂ ಹುಚ್ಚು ಸಾಹಸಕ್ಕೂ ನಡುವಿನದು ಧೈರ್ಯ. ಜಿಪುಣತನಕ್ಕೂ ದುಂದಿಗೂ ನಡುವಿನದು ಉದಾರತೆ. ಆ ನಡು ಎಲ್ಲಿದೆ ಎನ್ನುವುದನ್ನು ಕೋಷ್ಟಕ ಹಾಕಿ ಹೇಳಲು ಆಗದು. ಆಯಾ ಹೊತ್ತಿಗೆ, ಆಯಾ ಜನಕ್ಕೆ ತಕ್ಕಂತೆ ಕಂಡುಕೊಳ್ಳಬೇಕು.

ಪಾದಪೂಜೆ ಮಾಡಿಸಿದವರು ಈ ಮಾತು ಕೇಳಿದರೆ ಖುಷಿಪಡಬಹುದು. ನಾವು ಮಾಡಿಸಿದ್ದೂ ಅಭ್ಯಾಸವೇ ಅಲ್ವಾ ಎನ್ನಬಹುದು. ಜುಂಬಾ ಮಾಡಿಸಿದವರೂ ಹಾಗೆಯೇ ಹೇಳಬಹುದು. ಆದರೆ ಅರಿಸ್ಟಾಟಲ್ ಅಲ್ಲಿಗೇ ನಿಲ್ಲಿಸಲಿಲ್ಲ. ವಾದ್ಯ ನುಡಿಸುವುದರಿಂದಲೇ ಕೆಟ್ಟ ವಾದ್ಯಗಾರರೂ ಆಗುತ್ತಾರೆ ಎಂದು ಪಕ್ಕದಲ್ಲೇ ಬರೆದಿದ್ದಾನೆ. ಅಷ್ಟೇ ಅಲ್ಲ, ಒಂದು ಕೆಲಸವನ್ನು ಗುಣದಿಂದ ಮಾಡಿದ್ದು ಎನ್ನಲು ಮೂರು ಷರತ್ತು ಹಾಕಿದ. ಏನು ಮಾಡುತ್ತಿದ್ದೇನೆ ಎಂದು ತಿಳಿದು ಮಾಡಬೇಕು. ತಾನೇ ಆರಿಸಿಕೊಂಡು, ಅದು ಒಳ್ಳೆಯದು ಎಂಬ ಕಾರಣಕ್ಕೇ ಮಾಡಬೇಕು. ಅದು ಅಲುಗಾಡದ ಸ್ವಭಾವದಿಂದ ಬಂದಿರಬೇಕು. ಸಾಲಿನಲ್ಲಿ ಕೂತು, ಮುಂದಿನವನು ಮಾಡಿದ್ದನ್ನು ನೋಡಿ, ಕ್ಯಾಮೆರಾ ಎದುರು ಕಾಲು ತೊಳೆಯುವ ಮಗು ಎರಡನೇ ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಮೈಕಿನ ತಾಳಕ್ಕೆ ಕೈ ಎತ್ತುವ ಮಗುವೂ ಅಷ್ಟೇ. ಅಲ್ಲಿ ಮಗು ಅಭ್ಯಾಸ ಮಾಡುತ್ತಿರುವುದು ದೊಡ್ಡವರು ನೋಡುತ್ತಿರುವಾಗ ಅವರಿಗೆ ಬೇಕಾದ್ದನ್ನು ಮಾಡುವುದನ್ನು. ಅದನ್ನೂ ಚೆನ್ನಾಗಿಯೇ ಕಲಿಯುತ್ತದೆ ಬಿಡಿ.

ಹಾಗಾದರೆ ಆಯ್ಕೆಯೇ ಇಲ್ಲದ ಕಡೆ ಗುಣ ಇರಲು ಸಾಧ್ಯವೇ ಇಲ್ಲವಾ? ನಮ್ಮ ಕಡೆಯವರಿಗೆ ಈ ಪ್ರಶ್ನೆ ಹತ್ತಿರದ್ದು. ಕುಂಬಳೆ ಬಳಿಯ ಅನಂತಪುರ ಸರೋವರ ಕ್ಷೇತ್ರದಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಜನ ಸಾಲುಗಟ್ಟಿ ನಿಂತು ಕಣ್ಣೀರು ಹಾಕಿದರು. ನೈವೇದ್ಯದ ಅನ್ನ ತಿನ್ನುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಅದಕ್ಕೆ ಸಾತ್ವಿಕ ಎಂಬ ಹೆಸರಿತ್ತು. ಅರಿಸ್ಟಾಟಲ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಪ್ರಾಣಿ ಯೋಚಿಸಿ ಆರಿಸುವುದಿಲ್ಲ, ಆದ್ದರಿಂದ ಅದಕ್ಕೆ ಸದ್ಗುಣವೂ ಇಲ್ಲ, ದುರ್ಗುಣವೂ ಇಲ್ಲ ಎನ್ನುತ್ತಿದ್ದ. ನಮ್ಮ ಜೈನ, ಬೌದ್ಧ ಕಥೆಗಳಲ್ಲಿ ಹಾಗಿಲ್ಲ. ಅಲ್ಲಿ ಆನೆ, ಕಪಿ, ಮೊಲ ಎಲ್ಲವೂ ವ್ರತ ಹಿಡಿಯುತ್ತವೆ, ತ್ಯಾಗ ಮಾಡುತ್ತವೆ. ಗಮನಿಸಿ ನೋಡಿದರೆ ಆ ಕಥೆಗಳಲ್ಲೂ ಪ್ರಾಣಿ ಒಂದು ಗಳಿಗೆ ನಿಂತು ನಿರ್ಧಾರ ಮಾಡುತ್ತದೆ. ಆ ಗಳಿಗೆಗಾಗಿಯೇ ಕಥೆ ಇರುವುದು. ಬಬಿಯಾನ ಮನಸ್ಸಿನಲ್ಲಿ ಏನಿತ್ತೋ ಯಾರಿಗೆ ಗೊತ್ತು. ಅದನ್ನು ನೋಡಲು ಬರುತ್ತಿದ್ದವರ ಪ್ರೀತಿ ಸುಳ್ಳಲ್ಲ, ಅಷ್ಟಂತೂ ಹೇಳಬಹುದು.

ಕನ್ನಡ ನಾಡಿನ ನೆಲದಲ್ಲಿ ಸಿಕ್ಕ ಅತಿ ಹಳೆಯ ಗುಣಗಳ ಪಟ್ಟಿಗಳಲ್ಲಿ ಒಂದು ಬಂಡೆಯ ಮೇಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನ ಅದು. ಕ್ರಿಸ್ತಪೂರ್ವ ಮೂರನೇ ಶತಮಾನದ್ದು, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ತಂದೆ ತಾಯಿಯ ಮಾತು ಕೇಳಬೇಕು, ಹಿರಿಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಎಂದು ಅದು ಹೇಳುತ್ತದೆ. ಇವನ್ನು ‘ಧಂಮಗುಣ’ ಎಂದು ಕರೆಯುತ್ತದೆ. ಮುಂದೆ ಇನ್ನೊಂದು ಮಾತಿದೆ: ಹಾಗೆಯೇ ಶಿಷ್ಯ ತನ್ನ ಆಚಾರ್ಯನನ್ನು ಗೌರವಿಸಬೇಕು. ಇದು ಹಳೆಯ ಕಾಲದಿಂದ ಬಂದ ರೀತಿ ಎಂದೂ ಸೇರಿಸಿದ್ದಾರೆ. ಅಂದರೆ ಸುಮಾರು 2250 ವರ್ಷದ ಹಿಂದೆಯೇ ಗುರುಗೌರವವನ್ನು ಹಳೆಯ ಸಂಪ್ರದಾಯ ಎಂದು ನೆನಪಿಸಬೇಕಾಗಿತ್ತು! ಈಗಿನ ಮಕ್ಕಳು ಕೆಟ್ಟುಹೋದರು ಎಂಬ ದೂರು ಆಗಲೂ ಇದ್ದಿರಬೇಕು.

ಪಾದಪೂಜೆಯ ಪರ ಇರುವವರು ಈ ಶಾಸನವನ್ನು ಧಾರಾಳವಾಗಿ ತೋರಿಸಬಹುದು. ಆದರೆ ಅದೇ ಅಶೋಕನ ಇನ್ನೆರಡು ಶಾಸನಗಳನ್ನೂ ಜೊತೆಗೆ ಓದಬೇಕು. ಒಂಬತ್ತನೇ ಬಂಡೆ ಶಾಸನ ಗಿರ್ನಾರ್‌ನಲ್ಲಿದೆ, ಕರ್ನಾಟಕದ ಗಡಿಯಾಚೆಗಿನ ಆಂಧ್ರದ ಎರ್ರಗುಡಿಯಲ್ಲೂ ಇದೆ. ಜನ ಕಾಯಿಲೆಗೆ, ಮದುವೆಗೆ, ಮಗು ಹುಟ್ಟಿದ್ದಕ್ಕೆ, ಪ್ರಯಾಣಕ್ಕೆ ನೂರೆಂಟು ಶುಭಾಚರಣೆ ಮಾಡುತ್ತಾರೆ, ಅವುಗಳಿಂದ ಸಿಗುವ ಫಲ ಸ್ವಲ್ಪವೇ ಎಂದು ಅದರಲ್ಲಿ ಹೇಳಿಸಿದ್ದಾನೆ. ದೊಡ್ಡ ಫಲ ಕೊಡುವ ಆಚರಣೆ ಬೇರೆ ಇದೆಯಂತೆ. ಆಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದು, ಗುರುಗಳನ್ನು ಗೌರವಿಸುವುದು, ಜೀವಿಗಳನ್ನು ಹಿಂಸಿಸದಿರುವುದು. ಅಂದರೆ ಗುರುಗೌರವವನ್ನು ಅವನು ಆಚರಣೆಗಳ ಸಾಲಿನಿಂದ ಹೊರಗೆ ತೆಗೆದು ದಿನನಿತ್ಯದ ನಡತೆಯ ಸಾಲಿಗೆ ಹಾಕಿದ.

ಏಳನೇ ಸ್ತಂಭ ಶಾಸನ ಇನ್ನೂ ಸ್ವಾರಸ್ಯದ್ದು. ಅಷ್ಟು ಹೊತ್ತಿಗೆ ಅಶೋಕ ಧರ್ಮಮಹಾಮಾತ್ರರು ಎಂಬ ಅಧಿಕಾರಿಗಳನ್ನೇ ನೇಮಿಸಿದ್ದ. ಗುಣ ಹೆಚ್ಚಿಸಲು ಸರಕಾರವೊಂದು ನಡೆಸಿದ ಬಹಳ ದೊಡ್ಡ ಕಾರ್ಯಕ್ರಮ ಅದು. ಕೊನೆಗೆ ಅವನೇ ಲೆಕ್ಕ ಒಪ್ಪಿಸುತ್ತಾನೆ. ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ, ಒಂದು ನಿಯಮ, ಇನ್ನೊಂದು ಮನವೊಲಿಕೆ. ಇವುಗಳಲ್ಲಿ ನಿಯಮದಿಂದ ಆದದ್ದು ಕಡಿಮೆ, ಮನವೊಲಿಕೆಯಿಂದ ಆದದ್ದೇ ಜಾಸ್ತಿ. ಇಷ್ಟು ದೊಡ್ಡ ಅಧಿಕಾರ ಕೈಯಲ್ಲಿದ್ದ ಮನುಷ್ಯ ನಿಯಮದ ಬಗ್ಗೆ ಹೀಗೆ ಹೇಳಿ ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ನನಗೆ ಆಶ್ಚರ್ಯದ ವಿಷಯ. ಇಲಾಖೆಗಳು ಸುತ್ತೋಲೆ ಹೊರಡಿಸುವ ಮೊದಲು ಓದಿಕೊಳ್ಳಲು ಯೋಗ್ಯವಾದ ಶಾಸನ.

ಭಾರತದಲ್ಲಿ ಪಟ್ಟಿಗಳಿಗೇನೂ ಬರವಿಲ್ಲ. ಬೌದ್ಧರಿಗೆ ಪಂಚಶೀಲ, ಪಾರಮಿಗಳು, ಜೊತೆಗೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಜೈನ ಗೃಹಸ್ಥರಿಗೆ ಅಣುವ್ರತ. ಯೋಗದಲ್ಲಿ ಯಮ, ನಿಯಮ. ಗೀತೆಯ ಹದಿನಾರನೇ ಅಧ್ಯಾಯದ ದೈವೀ ಸಂಪತ್ತಿನ ಪಟ್ಟಿ ಶುರುವಾಗುವುದೇ ಅಭಯದಿಂದ. ನನಗೆ ಇದು ಮುಖ್ಯ ಅನಿಸುತ್ತದೆ. ಹೆದರಿಕೆ ಇಲ್ಲದಿರುವುದನ್ನು ಮೊದಲು ಇಟ್ಟಿದ್ದಾರೆ, ಉಳಿದದ್ದೆಲ್ಲ ಆಮೇಲೆ. ಚೀನಾದಲ್ಲಿ ಮೆನ್ಷಿಯಸ್ ಎಂಬ ಹಳೆಯ ಕಾಲದ ಚಿಂತಕ ಗುಣದ ಮೊಳಕೆ ಎಲ್ಲರಲ್ಲೂ ಹುಟ್ಟಿನಿಂದಲೇ ಇರುತ್ತದೆ ಎಂದ. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಎಂಥವನ ಎದೆಯೂ ಧಸಕ್ಕೆನ್ನುತ್ತದೆ, ಹೆಸರಿನ ಆಸೆಗೂ ಅಲ್ಲ, ಮಗುವಿನ ಅಪ್ಪ ಅಮ್ಮನ ಮೆಚ್ಚುಗೆಗೂ ಅಲ್ಲ ಎಂಬುದು ಅವನು ಕೊಟ್ಟ ಸಾಕ್ಷಿ.

ನಮ್ರತೆ ಪಟ್ಟಿಯ ಮೇಲಕ್ಕೆ ಏರಿದ್ದರಲ್ಲಿ ಕ್ರೈಸ್ತರ ಪಾಲು ದೊಡ್ಡದು. ಅರಿಸ್ಟಾಟಲನ ದೊಡ್ಡ ಮನುಷ್ಯ ತನ್ನ ಯೋಗ್ಯತೆ ತನಗೆ ಗೊತ್ತಿದ್ದು ತಲೆ ಎತ್ತಿ ನಡೆಯುವವನು. ಏಸುವಿನ ಕಥೆಯಲ್ಲಿ ಅದು ತಿರುವುಮುರುವಾಯಿತು. ಯೋಹಾನನ ಸುವಾರ್ತೆಯಲ್ಲಿ ಕೊನೆಯ ಊಟದ ರಾತ್ರಿ ಏಸು ಟವಲು ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ಹಿಡಿದು ಶಿಷ್ಯರ ಕಾಲು ತೊಳೆಯುತ್ತಾನೆ. ಗುರು ಶಿಷ್ಯರ ಕಾಲನ್ನು! ಪೇತ್ರ ಬೇಡವೇ ಬೇಡ ಎಂದು ಹಿಂದೆ ಸರಿಯುತ್ತಾನೆ, ಆಮೇಲೆ ಒಪ್ಪುತ್ತಾನೆ. ಬಂದಡ್ಕದಿಂದ ಆಚೆಗಿನ ಗುಡ್ಡಗಾಡಿನಲ್ಲಿ, ರಾಜಪುರದಂಥ ವಲಸಿಗರ ಊರುಗಳಲ್ಲಿ, ಈಸ್ಟರಿನ ಮೊದಲಿನ ಪೆಸಹಾ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವುದು ಇದರ ನೆನಪಿಗೇ. ಒಂದೇ ಜಿಲ್ಲೆ, ಒಂದೇ ಕೆಲಸ, ಬಾಗುವವರು ಮಾತ್ರ ಬೇರೆ. ಮೇಲಿರುವವನು ಬಾಗಿದರೆ ಅದು ವಿನಯ. ಕೆಳಗಿರುವವನನ್ನು ಬಾಗಿಸಿದರೆ ಅದನ್ನು ವಿನಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಗು ತಾನಾಗಿ ಪ್ರೀತಿಯಿಂದ ಮಾಷ್ಟ್ರ ಕಾಲಿಗೆ ಬಿದ್ದರೆ? ಅದು ಬೇರೆ ವಿಷಯ, ಅದನ್ನು ತಡೆಯುವ ಹಕ್ಕು ಯಾವ ಸಚಿವರಿಗೂ ಇಲ್ಲ.

ಇಲ್ಲಿಂದ ಮುಂದಿನ ಪ್ರಶ್ನೆಗೆ ಹೋಗಲೇಬೇಕು. ಯಾವ ಗುಣ ಯಾರಿಗೆ ಎಂದು ಹಂಚುವವರು ಯಾರು?

ಸದ್ಗುಣದ ಇತಿಹಾಸದ ಕೊಳಕು ಭಾಗ ಇದು. ಅರಿಸ್ಟಾಟಲ್ ಎಷ್ಟೇ ದೊಡ್ಡವನಿರಲಿ, ಗುಲಾಮನಿಗೆ ವಿವೇಚನೆಯ ಶಕ್ತಿಯೇ ಇಲ್ಲ, ಹೆಣ್ಣಿಗೆ ಇದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದು ಬರೆದ. ಮೌನವೇ ಹೆಣ್ಣಿಗೆ ಭೂಷಣ ಎಂಬ ಕವಿವಾಕ್ಯವನ್ನು ಒಪ್ಪಿ ಎತ್ತಿ ಹೇಳಿದ. ನಮ್ಮಲ್ಲೂ ಅಹಿಂಸೆ, ಸತ್ಯ, ಕಳ್ಳತನ ಮಾಡದಿರುವುದು ಎಲ್ಲರಿಗೂ ಸಾಮಾನ್ಯ ಧರ್ಮ ಎಂದು ಹೇಳಿದ ಧರ್ಮಶಾಸ್ತ್ರವೇ ಜಾತಿಗೊಂದು ಧರ್ಮವನ್ನೂ ಬರೆಯಿತು. ಬೌದ್ಧರಲ್ಲಿ ಶೀಲ ಎಂದರೆ ಇಡೀ ನಡತೆ. ಇವತ್ತು ಊರಿನ ಮಾತಿನಲ್ಲಿ ಶೀಲ ಎಂದರೆ ಹೆಂಗಸರಿಗೆ ಮಾತ್ರ ಇರಬೇಕಾದದ್ದು. ಗಂಡಸಿನ ಶೀಲದ ಬಗ್ಗೆ ಯಾವ ಕಟ್ಟೆಯಲ್ಲೂ ಚರ್ಚೆ ನಡೆಯುವುದಿಲ್ಲ. ಹೀಗೆ ಧೈರ್ಯ ಒಬ್ಬರಿಗೆ, ಸಹನೆ ಇನ್ನೊಬ್ಬರಿಗೆ. ಉದಾರತೆ ಒಬ್ಬರಿಗೆ, ಕೃತಜ್ಞತೆ ಇನ್ನೊಬ್ಬರಿಗೆ.

ಇದಕ್ಕೆ ಎದುರು ಮಾತು ಹೊರಗಿನಿಂದ ಬರಬೇಕಾಗಿಲ್ಲ. ಕಾಸರಗೋಡು, ಕಣ್ಣೂರು ಕಡೆ ದೈವದ ವೇಷ ಕಟ್ಟಿ ಕುಣಿಯುವ ಪೊಟ್ಟನ್ ತೆಯ್ಯಂ ನೋಡಿದವರಿಗೆ ಗೊತ್ತು. ದಾರಿಯಲ್ಲಿ ಎದುರಾದ ಶಂಕರಾಚಾರ್ಯರು ಸರಿದು ನಿಲ್ಲು ಎಂದಾಗ ಕೀಳುಜಾತಿಯವನೆಂದು ಕರೆಸಿಕೊಂಡ ಆ ಮನುಷ್ಯ ಸರಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ನಿಮ್ಮನ್ನು ಕಡಿದರೂ ರಕ್ತ, ನಮ್ಮನ್ನು ಕಡಿದರೂ ರಕ್ತ ಅಲ್ವಾ ಎಂಬ ಅರ್ಥದ ಸಾಲು ಅದರ ತೋಟ್ಟಂ ಪಾಡಿನಲ್ಲಿ, ಅಂದರೆ ದೈವದ ಕಥೆ ಹೇಳುವ ಹಾಡಿನಲ್ಲಿ, ಬರುತ್ತದೆ. ಹಾಸ್ಯ ಮಾಡುತ್ತಾ, ಕೆಂಡದಲ್ಲಿ ಹೊರಳುತ್ತಾ ಕೇಳುತ್ತಾನೆ. ವಿಧೇಯತೆಯೇ ಗುಣ ಎನ್ನುವ ಪಟ್ಟಿಯಲ್ಲಿ ಈ ದೈವಕ್ಕೆ ಜಾಗ ಇಲ್ಲ. ಆದರೂ ಜನ ಕೈ ಮುಗಿಯುತ್ತಾರೆ. ಗುಣ ಎಂದರೆ ಏನು ಎಂಬುದರ ಬಗ್ಗೆ ನಮ್ಮ ಜನರಿಗೆ ಪಠ್ಯಪುಸ್ತಕಕ್ಕಿಂತ ಜಾಸ್ತಿ ಗೊತ್ತಿದೆ ಎಂದು ನನಗೆ ಅನಿಸುವುದು ಇಂಥ ಕಡೆ.

ಈ ಜಿಲ್ಲೆಗೆ ಸದ್ಗುಣದ ಅತಿ ಕಠಿಣ ಪರೀಕ್ಷೆ ಬಂದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕದ ರೂಪದಲ್ಲಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು, ಪೆರಿಯ ಮುಂತಾದ ಕಡೆ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು, ಏಳಲಾರದೆ ಮಲಗಿದರು. ಸಾಮಾನ್ಯ ಅರ್ಥದಲ್ಲಿ ಆಗ ಒಳ್ಳೆಯವರು ಎನಿಸಿಕೊಂಡವರು ಯಾರು? ಸಿಂಪಡಿಸಲು ಬಂದ ಆದೇಶವನ್ನು ಶಿಸ್ತಿನಿಂದ ಪಾಲಿಸಿದವರು. ಬಾವಿ ಮುಚ್ಚಿ ಎಂದು ಸೂಚನೆ ಬಂದಾಗ ಸುಮ್ನೆ ಮುಚ್ಚಿಕೊಂಡವರು.

ಗುಣ ಕಂಡದ್ದು ಇನ್ನೊಂದು ಕಡೆ. ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಿನಲ್ಲಿ ಇಷ್ಟು ವಿಚಿತ್ರ ಕಾಯಿಲೆ ಯಾಕೆ ಎಂದು ಕೇಳತೊಡಗಿದರು. ಪತ್ರಕರ್ತ ಶ್ರೀಪಡ್ರೆ ಬರೆದರು, ಬರೆಯುತ್ತಲೇ ಇದ್ದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು. ಸರಕಾರಿ ನೌಕರರೊಬ್ಬರು ಸರಕಾರದ ಸಂಸ್ಥೆಯ ವಿರುದ್ಧ ನಿಲ್ಲುವುದು ಯಾವ ಸನ್ನಡತೆಯ ಸರ್ಟಿಫಿಕೇಟಿಗೂ ಸರಿಹೊಂದುವ ಕೆಲಸವಲ್ಲ. ಆದರೆ ಅರಿಸ್ಟಾಟಲನ ಮೂರು ಷರತ್ತಿಗೂ ಅದು ಸರಿಹೊಂದುತ್ತದೆ. ಅವರಿಗೆ ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು. ತಾವೇ ಆರಿಸಿಕೊಂಡರು. ಒತ್ತಡ ಬಂದಾಗ ಅಲುಗಾಡಲಿಲ್ಲ.

ಇನ್ನು ಆ ಮಕ್ಕಳ ತಾಯಂದಿರು. ಅವರ ಬಗ್ಗೆ ಎಷ್ಟು ಹೊಗಳಿಕೆ! ಸಹನಾಮೂರ್ತಿ, ತ್ಯಾಗಮಯಿ, ಭೂಮಿತಾಯಿ. ಇಪ್ಪತ್ತು, ಮೂವತ್ತು ವರ್ಷ ಮಲಗಿದಲ್ಲೇ ಇರುವ ಮಗನಿಗೆ ಉಣ್ಣಿಸುವ ತಾಯಿಯ ಎದುರು ಯಾರಿಗಾದರೂ ತಲೆ ಬಾಗುತ್ತದೆ, ಸರಿ. ಆದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲೇ ಪರಿಹಾರಕ್ಕೆ ಶಿಫಾರಸು ಮಾಡಿತ್ತು. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. 2022ರಲ್ಲೂ ಅದೇ ಕೋರ್ಟ್ ರಾಜ್ಯ ಸರಕಾರವನ್ನು ಗದರಬೇಕಾಯಿತು. ಹಣ ತಡವಾದಷ್ಟೂ ಹೊಗಳಿಕೆ ಜಾಸ್ತಿಯಾಯಿತು ಎಂದರೆ ಕಹಿ ಮಾತಾದೀತು. ಸಹನೆಯನ್ನು ಹೊಗಳುವುದಕ್ಕೆ ಬಜೆಟ್ ಬೇಕಾಗಿಲ್ಲ, ಅಷ್ಟು ನಿಜ. ಅದೇ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯೆಟ್ ಎದುರು ಕೂತಾಗ ಮಾತ್ರ ಮಕ್ಕಳನ್ನು ಹೀಗೆ ಪ್ರದರ್ಶನಕ್ಕೆ ಇಡಬಹುದಾ ಎಂಬ ಪ್ರಶ್ನೆ ಎದ್ದಿತು. ಮನೆಯೊಳಗಿದ್ದರೆ ಸದ್ಗುಣಿ, ಬೀದಿಗೆ ಬಂದರೆ ಅನುಮಾನ.

ಹೀಗಾಗಿ ನೀತಿಪಾಠದ ಗಂಟೆ ಬೇಕು ಎಂದು ಯಾರಾದರೂ ಹೇಳಿದಾಗ, ಯಾವ ನೀತಿ ಎಂದು ಕೇಳಬೇಕಾಗುತ್ತದೆ. ಮಾತು ಕೇಳುವ ಮಗು ಬೇಕಾ, ಮಾತು ಕೇಳಬಾರದ ಹೊತ್ತನ್ನು ಗುರುತಿಸುವ ಮಗು ಬೇಕಾ?

ಪಾಠದಿಂದ ಎಷ್ಟು ಪ್ರಯೋಜನ ಎನ್ನುವುದನ್ನು ಅಳೆದು ನೋಡಿದವರೂ ಇದ್ದಾರೆ. 1920ರ ದಶಕದಲ್ಲಿ ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಸುಮಾರು 11 ಸಾವಿರ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಗು ಆಟದಲ್ಲಿ ಮೋಸ ಮಾಡದೇ ಇರಬಹುದು, ಹಣ ಮುಟ್ಟದ ಮಗು ಸುಳ್ಳು ಹೇಳಬಹುದು. ಪ್ರಾಮಾಣಿಕತೆ ಎಂಬ ಒಂದೇ ಗುಣ ಎಲ್ಲ ಕಡೆಯೂ ಒಂದೇ ಥರ ಕಾಣಲಿಲ್ಲ. 1973ರಲ್ಲಿ ಪ್ರಕಟವಾದ ಡಾರ್ಲಿ ಮತ್ತು ಬ್ಯಾಟ್ಸನ್ನರ ಪ್ರಯೋಗ ಇನ್ನೂ ಕಚಗುಳಿ ಇಡುವಂಥದ್ದು. ಪ್ರಿನ್ಸ್‌ಟನ್ನಿನ ಪಾದ್ರಿ ತರಬೇತಿಯ ವಿದ್ಯಾರ್ಥಿಗಳನ್ನು ಒಂದು ಭಾಷಣ ಮಾಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಾ ಕೂತಿದ್ದ. ಅವಸರ ಇಲ್ಲದವರಲ್ಲಿ 63 ಶೇಕಡಾ ಜನ ನಿಂತು ಸಹಾಯ ಮಾಡಿದರು. ತಡವಾಯಿತು ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು 10 ಶೇಕಡಾ ಮಾತ್ರ. ಕೆಲವರು ಮಾಡಲು ಹೊರಟಿದ್ದ ಭಾಷಣ ದಾರಿಬದಿಯ ಗಾಯಾಳುವಿಗೆ ನೆರವಾದ ಒಳ್ಳೆಯ ಸಮಾರ್ಯನ ಕಥೆಯ ಮೇಲೆ! ಪಾಠ ತಲೆಯಲ್ಲಿ ಇದ್ದೇ ಇತ್ತು. ಅದಕ್ಕಿಂತ ಗಡಿಯಾರ ಜೋರಾಗಿತ್ತು.

ಇದರಿಂದ ಗುಣ ಎಂಬುದೇ ಇಲ್ಲ ಎಂದು ಕೆಲವರು ವಾದಿಸಿದರು. ನಾನು ಅಷ್ಟು ದೂರ ಹೋಗುವುದಿಲ್ಲ. 10 ಶೇಕಡಾ ಜನ ಅವಸರದಲ್ಲೂ ನಿಂತರಲ್ಲ, ಅವರ ಬಗ್ಗೆ ಯಾರೂ ಯೋಚಿಸುವುದಿಲ್ಲ ಯಾಕೆ?

ಅವರಂಥವರು ಹೇಗೆ ತಯಾರಾಗುತ್ತಾರೆ ಎಂಬುದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಅಲಸ್ಡೇರ್ ಮ್ಯಾಕಿಂಟೈರ್ ಎಂಬ ತತ್ವಜ್ಞಾನಿ ಕೊಟ್ಟದ್ದು. ಜುಂಬಾ ಜಗಳ ಶುರುವಾಗುವ ಸ್ವಲ್ಪ ಮೊದಲು, 2025ರ ಮೇ ತಿಂಗಳಲ್ಲಿ ಅವರು ತೀರಿಹೋದರು. 1981ರಲ್ಲಿ ಬಂದ ಅವರ ಪುಸ್ತಕ ಸದ್ಗುಣದ ಚರ್ಚೆಗೆ ಮತ್ತೆ ಜೀವ ಕೊಟ್ಟಿತು. ಅದರಲ್ಲಿ ಚೆಸ್ ಕಲಿಯುವ ಮಗುವಿನ ಉದಾಹರಣೆ ಇದೆ. ಆಟಕ್ಕೆ ಬಂದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ. ಮಿಠಾಯಿಗೇ ಆಡುವಷ್ಟು ಕಾಲ ಮೋಸ ಮಾಡದಿರಲು ಮಗುವಿಗೆ ಕಾರಣವೇ ಇಲ್ಲ. ಆದರೆ ಒಂದು ದಿನ ಆಟದ ಒಳಗಿನ ರುಚಿ ಹತ್ತುತ್ತದೆ. ಆಮೇಲೆ ಮೋಸ ಮಾಡಿದರೆ ತನಗೇ ಮೋಸ. ಪ್ರಾಮಾಣಿಕತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆಟ ಅದನ್ನು ಕೇಳುತ್ತದೆ.

ನಮ್ಮ ಕಡೆ ಚೆಸ್ಸಿಗಿಂತ ಚೆಂಡೆ, ಮದ್ದಳೆ ಹತ್ತಿರ. ಹುಡುಗ ಮೊದಲು ಹೋಗುವುದು ಗೆಳೆಯರು ಹೋಗುತ್ತಾರೆಂದು, ರಾತ್ರಿ ಚಾ ತಿಂಡಿ ಸಿಗುತ್ತದೆಂದು. ಬರಬರುತ್ತಾ ತಾಳ ತಪ್ಪಿದರೆ ಅವನಿಗೇ ಮೈ ಉರಿಯುತ್ತದೆ. ಭಾಗವತರ ಮುಖ ನೋಡುವುದನ್ನು ಕಲಿಯುತ್ತಾನೆ, ಇನ್ನೊಬ್ಬನಿಗೆ ಜಾಗ ಬಿಡುವುದನ್ನು ಕಲಿಯುತ್ತಾನೆ. ಗುರುವಿನ ಮೇಲಿನ ಗೌರವವೂ ಅಲ್ಲೇ ಹುಟ್ಟುತ್ತದೆ, ಗುರುವಿನ ಕೈಯಲ್ಲಿರುವ ವಿದ್ಯೆಯನ್ನು ಕಣ್ಣಾರೆ ಕಂಡು. ಮ್ಯಾಕಿಂಟೈರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಸಂಸ್ಥೆಗಳು ಹೊರಗಿನ ಬಹುಮಾನಗಳನ್ನು ದೊಡ್ಡದು ಮಾಡಿದಾಗ ಒಳಗಿನ ರುಚಿ ಸಾಯುತ್ತದೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಗ್ರೇಡು, ಗ್ರೇಸ್ ಮಾರ್ಕು, ಅಪೀಲು ಇವುಗಳ ಗದ್ದಲ ನೋಡಿದವರಿಗೆ ಮಿಠಾಯಿ ಯಾವುದು, ಆಟ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸೋತ ಮಗುವಿಗಿಂತ ಮೊದಲು ಅಪ್ಪ ಅಮ್ಮ ಅಪೀಲು ಬರೆಯಲು ಕೂರುತ್ತಾರೆ.

ಗೌರವದ ಮಾತು ಬಂದಾಗ ಗಡಿನಾಡಿನ ಕನ್ನಡಿಗರು ಎತ್ತಲೇಬೇಕಾದ ಇನ್ನೊಂದು ವಿಷಯ ಇದೆ. ಇಲ್ಲಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದು ಒಂದೆರಡು ಸಲ ಅಲ್ಲ. ಮಕ್ಕಳು ಕೇಳುತ್ತಾರೆ, ಮಾಷ್ಟ್ರಿಗೆ ಅರ್ಥವಾಗುವುದಿಲ್ಲ. ಮಾಷ್ಟ್ರು ಹೇಳುತ್ತಾರೆ, ಮಕ್ಕಳಿಗೆ ಅರ್ಥವಾಗುವುದಿಲ್ಲ. ಆ ಅಧ್ಯಾಪಕರು ಕೆಟ್ಟವರಲ್ಲ, ಅವರದೂ ಪಾಪ ಇಕ್ಕಟ್ಟಿನ ಸ್ಥಿತಿಯೇ. ಆದರೆ ಚೆನ್ನಾಗಿ ಕಲಿಸುವುದೇ ಅಧ್ಯಾಪಕರ ಗುಣ ಎಂಬ ಹಳೆಯ ಗ್ರೀಕರ ಲೆಕ್ಕದಲ್ಲಿ, ಆ ಗುಣ ತೋರಿಸಲು ಅವರಿಗೆ ದಾರಿಯನ್ನೇ ಇಟ್ಟಿಲ್ಲ. ಹೆತ್ತವರು ಶಾಲೆಯ ಗೇಟಿನ ಎದುರು ಪ್ರತಿಭಟನೆಗೆ ನಿಂತರೆ, ಸ್ವಲ್ಪ ಹೊಂದಿಕೊಂಡು ಹೋಗಿ ಎಂಬ ಬುದ್ಧಿಮಾತು ಬರುತ್ತದೆ. ಮತ್ತೆ ಅದೇ ಸಹನೆ, ಮತ್ತೆ ಅದೇ ಜನರಿಗೆ.

ಶಾಲೆಯಲ್ಲಿ ಗುಣಕ್ಕೆ ಜಾಗ ಬೇಕೆಂದರೆ ನನ್ನ ಮತ ತಾಳಮದ್ದಳೆಗೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡಿದರೆ ಮುಗಿಯಿತು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಹಾಡಿಕೊಂಡು ಬಂದ ರಾಮಾಯಣ ಪ್ರಸಂಗಗಳು ನಮ್ಮದೇ. ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದ ವಾಲಿ ಕೇಳುತ್ತಾನೆ, ರಾಮ ಉತ್ತರ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ಅರ್ಥಧಾರಿ, ಅಂದರೆ ಪಾತ್ರವಾಗಿ ಕೂತು ಮಾತಾಡುವವನು, ಇವತ್ತು ವಾಲಿ, ನಾಳೆ ರಾಮ. ಎರಡೂ ಕಡೆಯ ನ್ಯಾಯವನ್ನು ಒಳಗಿನಿಂದ ಹುಡುಕಬೇಕು, ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು, ಬಾಯಿಪಾಠ ಸಾಲದು. ವಾರಕ್ಕೊಂದು ಗಂಟೆ ಎಂಟನೇ ತರಗತಿಯ ಮಕ್ಕಳು ಹೀಗೆ ಕೂತು ವಾದಿಸಿದರೆ, ಈ ವಾರ ವಾಲಿಯಾದವರು ಮುಂದಿನ ವಾರ ರಾಮನಾದರೆ, ಅಶೋಕ ಹೇಳಿದ ಮನವೊಲಿಕೆಗೆ ಒಂದು ದಾರಿ ಆದೀತು. ಖರ್ಚೂ ಇಲ್ಲ.

ತೊಂದರೆ ಒಂದೇ. ವಾಲಿಯ ಪರ ಗಟ್ಟಿಯಾಗಿ ವಾದಿಸಲು ಕಲಿತ ಮಗು ಆ ಗಂಟೆ ಮುಗಿದ ಮೇಲೂ ವಾದಿಸುತ್ತದೆ. ಶುಲ್ಕ ಯಾಕೆ, ಶಿಕ್ಷೆ ಯಾಕೆ, ಹುಡುಗಿಯರಿಗೆ ಮಾತ್ರ ಈ ನಿಯಮ ಯಾಕೆ ಎಂದು ಕೇಳುತ್ತದೆ. ಮನೆಗೆ ಬಂದು ಅಪ್ಪನನ್ನೂ ಕೇಳುತ್ತದೆ. ಇದಕ್ಕೆ ಶಾಲೆಗಳಾಗಲಿ ಹೆತ್ತವರಾಗಲಿ ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನನಗೆ ಅನಿಸುವುದಿಲ್ಲ.